ಹಸಿದ ಪಂಪು

ಡೀಸೆಲ್ ಪಿಕಪ್ ಗಾಡಿಯ ಕಾಯಿಲೆ ಊರೊಳಗೆ ಗೊತ್ತಾಗುವುದಿಲ್ಲ, ಘಾಟಿಯಲ್ಲಿ ಗೊತ್ತಾಗುತ್ತದೆ. ಕಲ್ಯಾಣ್‌ನಿಂದ ಹೊರಟು ಮುರ್ಬಾಡ್ ದಾಟುವವರೆಗೆ ಯಾವ ತಕರಾರೂ ಇಲ್ಲದೆ ಓಡಿದ ಗಾಡಿ, ಬೆನ್ನ ಮೇಲೆ ಟನ್ನುಗಟ್ಟಲೆ ಸರಕು ಹೊತ್ತು ಮಾಳಶೇಜ್ ಘಾಟಿಯ ಏರು ಹಿಡಿದಾಗ ಉಸಿರು ಕಟ್ಟಿದಂತೆ ಆಡುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ವೇಗ ಏರದು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಕೀಲಿ ತಿರುಗಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಮುಂದಿನ ಏರಿನಲ್ಲಿ ಮತ್ತೆ ಅದೇ ಕತೆ. ನಾಸಿಕದ ದಾರಿಯ ಕಸಾರಾ ಘಾಟಿಯಲ್ಲೂ ಹೀಗೇ. ಗ್ಯಾರೇಜಿಗೆ ತಂದು ಸ್ಕ್ಯಾನರ್ ಚುಚ್ಚಿದರೆ ಪಿ0087 ಎಂಬ ಕೋಡ್ ಕಾಣಿಸುತ್ತದೆ. ಅದರ ಅರ್ಥ ಇಷ್ಟೇ: ಇಂಜೆಕ್ಟರುಗಳಿಗೆಲ್ಲ ಡೀಸೆಲ್ ಹಂಚುವ ‘ರೈಲ್’ ಎಂಬ ಕೊಳವೆಯಲ್ಲಿ ಒತ್ತಡ ಸಾಲುತ್ತಿಲ್ಲ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹಾರಿ ‘ಪಂಪು ಹೋಗಿದೆ’ ಎಂದು ತೀರ್ಪು ಕೊಡುವುದು ಬಲು ಸುಲಭ. ಎಷ್ಟೋ ಸಲ ಆಗ ಪಂಪು ಇನ್ನೂ ಹೋಗಿರುವುದಿಲ್ಲ, ಹಸಿದಿರುತ್ತದೆ. ಹಸಿದ ಪಂಪನ್ನು ಹಾಗೆಯೇ ತಿಂಗಳುಗಟ್ಟಲೆ ಓಡಿಸಿದರೆ ಮಾತ್ರ ಅದು ನಿಜವಾಗಿಯೂ ಹೋಗುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ಖಾಡಿಯಾಚೆಯ ನವಿಮುಂಬಯಿ, ಈ ನಾಲ್ಕೂ ಊರುಗಳ ಸಂತೆ ಸಾಗುವುದು ಟೆಂಪೊಗಳ ಮೇಲೆ. ಪಿಕಪ್ ಗಾಡಿಯನ್ನು ಇಲ್ಲಿನವರು ಕರೆಯುವುದು ಟೆಂಪೊ ಎಂದೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಅದಕ್ಕೆ ‘ಛೋಟಾ ಹಾಥಿ’ ಎಂಬ ಇನ್ನೊಂದು ಹೆಸರೂ ಸೇರಿತು. ಬ್ಯಾಡಗಿ ಮೆಣಸಿನಕಾಯಿ ಲಾರಿಯಲ್ಲಿ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಬಂದಿಳಿದರೆ, ಅಲ್ಲಿಂದ ಡೊಂಬಿವಲಿಯ ಉಡುಪಿ ಹೋಟೆಲಿನ ಅಡುಗೆಮನೆಯವರೆಗೆ ಅದನ್ನು ಮುಟ್ಟಿಸುವುದು ಟೆಂಪೊ. ಕಳಂಬೋಲಿಯ ಕಬ್ಬಿಣ, ಭಿವಂಡಿಯ ಗೋದಾಮಿನ ಪೆಟ್ಟಿಗೆಗಳು, ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಡ್ರಮ್ಮುಗಳು ಎಲ್ಲವೂ ಹೀಗೇ. ಮಹಾನಗರ ಗ್ಯಾಸಿನ ಕೊಳವೆ ಬಂದ ಮೇಲೆ ಊರೊಳಗೆ ತಿರುಗುವ ಸಣ್ಣ ಟೆಂಪೊಗಳಲ್ಲಿ ಬಹಳಷ್ಟು ಸಿಎನ್‌ಜಿಗೆ ಹೋಗಿವೆ. ಡೀಸೆಲ್ಲಿಗೆ ಅಂಟಿಕೊಂಡಿರುವುದು ಹೆಚ್ಚಾಗಿ ಬೊಲೆರೊ ಪಿಕಪ್, ದೋಸ್ತ್, ಯೋಧಾದಂಥ ದೊಡ್ಡ ಗಾಡಿಗಳು. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ತಾಸುಗಟ್ಟಲೆ ನಿಂತಲ್ಲೇ ಗುರುಗುಟ್ಟಿ, ರಾತ್ರಿಯಾದ ಮೇಲೆ ಘಾಟಿ ಹತ್ತುವ ಗಾಡಿಗಳು ಇವು. ಎಂಜಿನ್ನಿನ ಪಂಪಿಗೆ ಇದಕ್ಕಿಂತ ಕಷ್ಟದ ದಿನಚರಿ ಸಿಗಲಾರದು.

ಪಂಪು ಮಾಡುವ ಕೆಲಸ ಏನೆಂದು ಲೆಕ್ಕ ಹಾಕಿ ನೋಡೋಣ. ಲೀಟರಿಗೆ 12 ಕಿಲೋಮೀಟರ್ ಕೊಡುವ ನಾಲ್ಕು ಸಿಲಿಂಡರಿನ ಗಾಡಿ ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ತಾಸಿಗೆ 5 ಲೀಟರ್ ಉರಿಯುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಸರದಿ ಬರುವುದರಿಂದ, ನಿಮಿಷಕ್ಕೆ 4000 ಸಲ ಡೀಸೆಲ್ ಚಿಮ್ಮಬೇಕು. ಭಾಗಿಸಿದರೆ ಒಂದು ಸಲಕ್ಕೆ ಬರುವುದು ಸುಮಾರು 20 ಘನ ಮಿಲಿಮೀಟರ್, ಡ್ರಾಪರಿನಿಂದ ಬೀಳುವ ಒಂದು ಹನಿಯ ಅರ್ಧಕ್ಕಿಂತಲೂ ಕಡಿಮೆ. ಅಷ್ಟನ್ನು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ, ಕೂದಲಿನ ದಪ್ಪದ ತೂತುಗಳ ಮೂಲಕ, ಮಂಜಿನಂತೆ ಒಡೆದು ಸಿಂಪಡಿಸಬೇಕು. ಆ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ಶಾಫ್ಟ್ 12 ಡಿಗ್ರಿ ತಿರುಗಿಬಿಟ್ಟಿರುತ್ತದೆ. ತಡವಾದರೆ ಹೊಗೆ, ಬೇಗನಾದರೆ ಬಡಿತ.

ಇದಕ್ಕೆಂದೇ ಭಾರೀ ಒತ್ತಡ ಬೇಕು. ಕಾಮನ್ ರೈಲ್ ಎಂಜಿನ್ನಿನಲ್ಲಿ ನಿಂತಲ್ಲಿ ಓಡುವಾಗ 250ರಿಂದ 300 ಬಾರ್, ಪೂರ್ತಿ ಭಾರ ಎಳೆಯುವಾಗ 1600 ಬಾರ್ ಅಥವಾ ಅದಕ್ಕೂ ಹೆಚ್ಚು. ಒಂದು ಬಾರ್ ಎಂದರೆ ಸುಮಾರು ಹತ್ತು ಮೀಟರ್ ನೀರಿನ ಕೆಳಗಿನ ಒತ್ತಡ. ಭೂಮಿಯ ಅತಿ ಆಳದ ಜಾಗವಾದ ಮರಿಯಾನಾ ಕಂದಕದ ತಳದಲ್ಲಿ ಇರುವುದೇ ಸುಮಾರು 1100 ಬಾರ್. ದ್ರವವನ್ನು ಅದುಮಲಾಗದು ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ಸುಳ್ಳಾಗುತ್ತದೆ. 1600 ಬಾರ್‌ನಲ್ಲಿ ಡೀಸೆಲ್ ತನ್ನ ಗಾತ್ರದ ನೂರಕ್ಕೆ ಏಳೆಂಟು ಪಾಲು ಕುಗ್ಗುತ್ತದೆ. ಇಷ್ಟು ಒತ್ತಡ ಪಂಪಿನೊಳಗೆ ಸೋರದೆ ನಿಲ್ಲಬೇಕಾದರೆ ಡೀಸೆಲ್ಲನ್ನು ಅದುಮುವ ಪ್ಲಂಜರಿಗೂ ಅದು ಆಡುವ ಬ್ಯಾರೆಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ ಇರಬೇಕು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್.

ಆದರೆ ಈ ಮಹಾಬಲದ ಹಿಂದೆ ಇನ್ನೊಂದು ಬಡ ಲೋಕವಿದೆ. ಟ್ಯಾಂಕಿನಿಂದ ಪಂಪಿನ ಬಾಗಿಲವರೆಗೆ ಡೀಸೆಲ್ ತರುವ ರಬ್ಬರ್ ಪೈಪು, ಫಿಲ್ಟರು, ಫೀಡ್ ಪಂಪು. ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇದ್ದರೆ ಇಲ್ಲಿನ ಒತ್ತಡ ನಾಲ್ಕರಿಂದ ಆರು ಬಾರ್. ಅದಿಲ್ಲದೆ ಎಂಜಿನ್ನಿನ ಬಳಿಯ ಗೇರ್ ಪಂಪೇ ಡೀಸೆಲ್ ಎಳೆದುಕೊಳ್ಳುವ ವ್ಯವಸ್ಥೆಯಾದರೆ ಪೈಪಿನೊಳಗೆ ಒತ್ತಡವೇ ಇರುವುದಿಲ್ಲ, ಹೊರಗಿನ ಗಾಳಿಗಿಂತ ಒಂದಿಷ್ಟು ಕಡಿಮೆ, ಅಂದರೆ ನಿರ್ವಾತದ ಕಡೆಗೆ. ಎಂಜಿನ್ನಿನ ಕಂಪ್ಯೂಟರು 1600 ಬಾರ್‌ನ ಕಡೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತದೆ. ಈ ಬಡ ಕಡೆಗೆ ಹಲವು ಪಿಕಪ್‌ಗಳಲ್ಲಿ ಒಂದು ಒತ್ತಡದ ಸೆನ್ಸರೂ ಇಲ್ಲ. ಪಂಪುಗಳ ಸಾವಿನ ಕಾರಣ ಹುಟ್ಟುವುದು ಬಹುಪಾಲು ಈ ಕಡೆಯಲ್ಲೇ.

ಹಳೆಯ ಡ್ರೈವರುಗಳನ್ನು ಕೇಳಿ ನೋಡಿ, ‘ಮೈಕೋ ಪಂಪಿನ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುತ್ತಾರೆ. ಅದು ಬರೀ ಹಳೆಯದರ ಮೋಹವಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಒಳಗೆ ಊದಲು ಅದುಮಿದ ಗಾಳಿ ಬೇಕಿತ್ತು. ಅದಕ್ಕೆ ಬೇಕಾದ ದೊಡ್ಡ ಕಂಪ್ರೆಸರಿನಿಂದಾಗಿ ಆ ಎಂಜಿನ್ ರಸ್ತೆಯ ಗಾಡಿಗೆ ಏರಲಿಲ್ಲ. ರಾಬರ್ಟ್ ಬಾಷ್ ಕಂಪನಿ 1922ರಲ್ಲಿ ಕೆಲಸ ಶುರು ಮಾಡಿ 1927ರಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿ ವ್ಯಾಪಕವಾಗತೊಡಗಿತು. ಆ ಪಂಪು 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ, ಅಂದರೆ ಮೈಕೋದ ಮೂಲಕ ಬೆಂಗಳೂರಿಗೆ ಬಂತು. ಆಡುಗೋಡಿಯ ಕಾರ್ಖಾನೆ ಎಷ್ಟು ಮನೆಮಾತಾಯಿತೆಂದರೆ, 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ದೇಶದ ಲಾರಿ ಗ್ಯಾರೇಜುಗಳಲ್ಲಿ ಪಂಪು ಇನ್ನೂ ‘ಮೈಕೋ’ ಆಗಿಯೇ ಉಳಿದಿದೆ. ಬೆಂಗಳೂರಿನಲ್ಲಿ ಮೈಕೋ ಲೇಔಟೂ ಉಳಿದಿದೆ.

ಮೈಕೋದ ಸಾಲು ಪಂಪು, ಅಂದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರ್ ಸಾಲಾಗಿ ನಿಂತ ಪಂಪು, ದೀರ್ಘಾಯುಷಿಯಾಗಲು ಒಂದು ಸರಳ ಕಾರಣವಿತ್ತು. ಪ್ಲಂಜರನ್ನು ಎತ್ತಿ ಇಳಿಸುವ ಕ್ಯಾಮ್ ಶಾಫ್ಟು ಎಂಜಿನ್ ಆಯಿಲಿನಲ್ಲಿ ಮುಳುಗಿರುತ್ತಿತ್ತು. ಡೀಸೆಲ್ ಕಡಿಮೆ ಬಂದರೆ ಎಂಜಿನ್ ನಿಲ್ಲುತ್ತಿತ್ತು, ಪಂಪಿನ ಕೆಳಭಾಗಕ್ಕೆ ಏನೂ ಆಗುತ್ತಿರಲಿಲ್ಲ. ಒತ್ತಡವೂ ಕೆಲವು ನೂರು ಬಾರ್ ಅಷ್ಟೇ. ಆಮೇಲೆ ಬಂದ ರೋಟರಿ ಪಂಪುಗಳಲ್ಲೂ ಇಂದು ಪಿಕಪ್‌ಗಳಲ್ಲಿರುವ ಬಹುಪಾಲು ಕಾಮನ್ ರೈಲ್ ಪಂಪುಗಳಲ್ಲೂ ಆಯಿಲಿನ ಈ ಆಸರೆ ಇಲ್ಲ. ಒಳಗೆ ತಿರುಗುವ ಪ್ರತಿ ಭಾಗಕ್ಕೂ ಜಾರುವಿಕೆ ಕೊಡುವುದು ಡೀಸೆಲ್ಲೇ, ತಂಪು ಮಾಡುವುದೂ ಡೀಸೆಲ್ಲೇ. ಅದಕ್ಕೆಂದೇ ಎಂಜಿನ್ ಉರಿಸುವುದಕ್ಕಿಂತ ಹೆಚ್ಚು ಡೀಸೆಲ್ ಪಂಪಿನ ಮೂಲಕ ಹಾದು, ಮಿಕ್ಕಿದ್ದು ರಿಟರ್ನ್ ಪೈಪಿನಿಂದ ಟ್ಯಾಂಕಿಗೆ ಮರಳುತ್ತದೆ. ಡೀಸೆಲ್ ಕಡಿಮೆಯಾಯಿತೆಂದರೆ ಈ ಪಂಪಿಗೆ ಅನ್ನವೂ ಇಲ್ಲ, ನೀರೂ ಇಲ್ಲ.

ಇದರ ಜೊತೆಗೆ ಡೀಸೆಲ್ಲಿನ ಗುಣವೇ ಬದಲಾಯಿತು. ಮುಂಬಯಿಗೆ ಬಿಎಸ್-4 ಡೀಸೆಲ್ 2010ರಲ್ಲಿ ಬಂದಾಗ ಅದರಲ್ಲಿ ಗಂಧಕದ ಮಿತಿ 50 ಪಿಪಿಎಂ ಇತ್ತು. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಂದ ಬಿಎಸ್-6ರಲ್ಲಿ 10. ಊರಿನ ಗಾಳಿಗೆ ಇದು ಒಳ್ಳೆಯದೇ. ಆದರೆ ರಿಫೈನರಿಯಲ್ಲಿ ಹೈಡ್ರೋಜನ್ ಹಾಯಿಸಿ ಗಂಧಕ ತೆಗೆಯುವಾಗ ಲೋಹಕ್ಕೆ ಅಂಟಿಕೊಂಡು ಕಾಪಾಡುವ ಕೆಲವು ಅಣುಗಳೂ ಹೊರಟುಹೋಗುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ಗಂಧಕ ತೆಗೆದ ಡೀಸೆಲ್ಲನ್ನು ಮಾರುಕಟ್ಟೆಗೆ ತಂದಾಗ ರೋಟರಿ ಪಂಪುಗಳು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಸವೆದು ನಿಂತವು. ಆ ಪಾಠದಿಂದಲೇ ಡೀಸೆಲ್ಲಿನ ಜಾರುಗುಣವನ್ನು ಅಳೆಯುವ ಪರೀಕ್ಷೆ ಕಡ್ಡಾಯವಾಯಿತು. 60 ಡಿಗ್ರಿ ಬಿಸಿಯ ಡೀಸೆಲ್ಲಿನಲ್ಲಿ 6 ಮಿಲಿಮೀಟರಿನ ಉಕ್ಕಿನ ಗುಂಡನ್ನು ಉಕ್ಕಿನ ತಟ್ಟೆಯ ಮೇಲೆ 75 ನಿಮಿಷ ಉಜ್ಜುತ್ತಾರೆ. ಗುಂಡಿನ ಮೇಲೆ ಬಿದ್ದ ಸವೆತದ ಗುರುತು 460 ಮೈಕ್ರಾನ್ ಮೀರಬಾರದು. ಯುರೋಪಿನ ಮಿತಿಯೂ ನಮ್ಮ ಐಎಸ್ 1460ರ ಮಿತಿಯೂ ಇದೇ. ಅಮೆರಿಕದಲ್ಲಿ ಮಾತ್ರ 520. ಈ ಅರುವತ್ತು ಮೈಕ್ರಾನಿನ ಕತೆಗೆ ಆಮೇಲೆ ಬರೋಣ. ರಿಫೈನರಿ ಸೇರಿಸುವ ಸಂಯುಕ್ತಗಳಿಂದ ಡೀಸೆಲ್ ಈ ಪರೀಕ್ಷೆ ಪಾಸಾಗುತ್ತದೆ. ಪಾಸಾದ ಡೀಸೆಲ್ ಬಂಕಿನಿಂದ ನಿಮ್ಮ ಪಂಪಿನವರೆಗೆ ಹಾಗೆಯೇ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಮೊದಲು ಹಸಿವಿನ ಭೌತಶಾಸ್ತ್ರ. ಫಿಲ್ಟರಿನಲ್ಲಿ ಕಸ ತುಂಬಿದಾಗ ಅದರ ಎರಡೂ ಬದಿಯ ಒತ್ತಡದಲ್ಲಿ ವ್ಯತ್ಯಾಸ ಹುಟ್ಟುತ್ತದೆ. ಆ ವ್ಯತ್ಯಾಸ ಎಷ್ಟೆಂಬುದನ್ನು ನಿರ್ಧರಿಸುವುದು ಕಸವೊಂದೇ ಅಲ್ಲ, ಹರಿವಿನ ಪ್ರಮಾಣವೂ ಹೌದು. ಶಿಲ್‌ಫಾಟಾದಲ್ಲಿ ನಿಂತ ಗಾಡಿಯ ಪಂಪು ನಿಧಾನ ತಿರುಗುತ್ತದೆ, ಡೀಸೆಲ್ ಸ್ವಲ್ಪವೇ ಸಾಕು, ಅರ್ಧ ಕಟ್ಟಿದ ಫಿಲ್ಟರೂ ಅಷ್ಟನ್ನು ಬಿಟ್ಟುಕೊಡುತ್ತದೆ. ಮಾಳಶೇಜಿನಲ್ಲಿ ಅದೇ ಫಿಲ್ಟರಿನ ಮೂಲಕ ಹಲವು ಪಟ್ಟು ಡೀಸೆಲ್ ಹಾಯಬೇಕು. ಆಗ ಪಂಪಿನ ಬಾಗಿಲಲ್ಲಿ ಒತ್ತಡ ಕುಸಿಯುತ್ತದೆ. ಡೀಸೆಲ್ಲಿನಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ಪ್ಲಂಜರಿನ ಕೆಳಗೆ ಸೇರಿದರೆ ಆ ಹೊಡೆತ ವ್ಯರ್ಥ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಗುಳ್ಳೆಗಳು ಒತ್ತಡದಲ್ಲಿ ಕುಸಿದು ಒಡೆಯುವಾಗ ಲೋಹದ ಮೈಯಿಂದ ಕಣ ಕಣವಾಗಿ ಕಿತ್ತುಹಾಕುತ್ತವೆ. ಗ್ಯಾರೇಜಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಒತ್ತಡ ಅಳೆದು ‘ಎಲ್ಲ ಸರಿ ಇದೆ’ ಎಂದು ಕಳಿಸಿಕೊಟ್ಟರೆ ಏನೂ ಅಳೆದಂತಾಗಲಿಲ್ಲ. ಭಾರ ಹೇರಿ, ಏರಿನಲ್ಲಿ ಅಳೆಯಬೇಕು.

ಇದಕ್ಕಿಂತ ಕಳ್ಳ ಸ್ವಭಾವದ್ದು ಗಾಳಿಯ ಸೋರಿಕೆ. ತೂತಾದ ಸ್ಟ್ರಾದಿಂದ ಎಳನೀರು ಹೀರಿದವರಿಗೆ ಇದು ಗೊತ್ತು: ತೂತಿನಿಂದ ಎಳನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಎಳೆದುಕೊಳ್ಳುವ ಪೈಪಿನ ಕ್ಲಿಪ್ಪು ಸಡಿಲವಾದರೆ, ರಬ್ಬರಿನಲ್ಲಿ ಬಿರುಕು ಬಿದ್ದರೆ, ಬ್ಯಾಂಜೋ ಬೋಲ್ಟಿನ ವಾಷರು ಹಳತಾದರೆ ಹೊರಗೆ ಒಂದು ಹನಿಯೂ ಕಾಣದು. ಗಾಡಿ ರಾತ್ರಿ ನಿಂತಾಗ ಆ ಸಂದಿನಿಂದ ಗಾಳಿ ಹೊಕ್ಕು ಪೈಪಿನ ಡೀಸೆಲ್ ಟ್ಯಾಂಕಿಗೆ ಜಾರಿಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟರ್ ಎಷ್ಟು ತಿರುಗಿಸಿದರೂ ಗಾಡಿ ಹಿಡಿಯದು, ಯಾಕೆಂದರೆ ರೈಲಿನಲ್ಲಿ ಕನಿಷ್ಠ 150–200 ಬಾರ್ ಕಾಣದೆ ಕಂಪ್ಯೂಟರು ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ‘ಏರ್ ಹಿಡಿದಿದೆ’ ಎಂದು ಹ್ಯಾಂಡ್ ಪ್ರೈಮರ್ ಒತ್ತಿ ಒತ್ತಿ ಹೇಗೋ ಹೊರಡಿಸುತ್ತಾರೆ, ಗಾಳಿ ಎಲ್ಲಿಂದ ಬಂತೆಂದು ಹುಡುಕುವುದಿಲ್ಲ. ಟೆಂಪೊ ದಂಧೆಯ ಇನ್ನೊಂದು ಅಭ್ಯಾಸ, ಆ ದಿನದ ಬಾಡಿಗೆಗೆ ಬೇಕಾದಷ್ಟೇ ಡೀಸೆಲ್ ಹಾಕಿಸುವುದು. ತಳ ಹತ್ತಿದ ಟ್ಯಾಂಕಿನ ಗಾಡಿ ಮುಂಬ್ರಾ ಬೈಪಾಸಿನ ಏರಿನಲ್ಲಿ ವಾಲಿದರೆ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಉಳಿದ ನಾಲ್ಕೈದು ಲೀಟರೇ ಮತ್ತೆ ಮತ್ತೆ ಪಂಪಿಗೆ ಹೋಗಿ ಬಂದು ಬಿಸಿಯಾಗಿ ತೆಳ್ಳಗಾಗುತ್ತದೆ. ತೆಳು ಡೀಸೆಲ್ಲಿನ ಜಾರುಪದರವೂ ತೆಳು.

ಈ ಹಸಿವಿನ ಪಾಠವನ್ನು ದೊಡ್ಡ ಶುಲ್ಕ ತೆತ್ತು ಕಲಿತವರು ಅಮೆರಿಕದ ಪಿಕಪ್ ಮಾಲೀಕರು. 1998ರ ನಡುವಿನಿಂದ 2002ರವರೆಗಿನ ಡಾಜ್ ರಾಮ್ ಗಾಡಿಗಳಲ್ಲಿ 5.9 ಲೀಟರಿನ ಕಮಿನ್ಸ್ ಎಂಜಿನ್ನಿಗೆ ಬಾಷ್‌ನ ವಿಪಿ44 ಎಂಬ ರೋಟರಿ ಪಂಪು ಇತ್ತು. ಅದಕ್ಕೆ ಡೀಸೆಲ್ ತಂದುಕೊಡುವ ಸಣ್ಣ ವಿದ್ಯುತ್ ಪಂಪನ್ನು ಟ್ಯಾಂಕಿನಿಂದ ದೂರ, ಎಂಜಿನ್ನಿನ ಮೈಗೇ ಕೂರಿಸಿದ್ದರು. ಅದು ಸದ್ದಿಲ್ಲದೆ ಸಾಯುತ್ತಿತ್ತು. ವಿಪಿ44ಗೆ ತಾನೇ ಒಂದಿಷ್ಟು ಎಳೆದುಕೊಳ್ಳುವ ಶಕ್ತಿ ಇದ್ದುದರಿಂದ ಗಾಡಿ ಓಡುತ್ತಲೇ ಇರುತ್ತಿತ್ತು. ಡ್ರೈವರಿಗೆ ಏನೂ ತಿಳಿಯುತ್ತಿರಲಿಲ್ಲ. ತಂಪೂ ಜಾರಿಕೆಯೂ ಸಾಲದೆ ಒಂದು ದಿನ ದುಬಾರಿ ಪಂಪು ಕೈಕೊಡುತ್ತಿತ್ತು. ಹೊಸ ಪಂಪು ಹಾಕಿಸಿದವರ ಗಾಡಿ ಮತ್ತೆ ಕೆಟ್ಟಿತು, ಯಾಕೆಂದರೆ ಸತ್ತ ಚಿಕ್ಕ ಪಂಪನ್ನು ಯಾರೂ ನೋಡಿರಲಿಲ್ಲ. ಆಮೇಲೆ ಮಾಲೀಕರು ತಾವೇ ಕೈಯಿಂದ ದುಡ್ಡು ಹಾಕಿ ಡ್ಯಾಶ್‌ಬೋರ್ಡಿನ ಪಕ್ಕ ಒತ್ತಡದ ಗೇಜು ಕೂರಿಸಿಕೊಂಡರು. ಅಲ್ಲಿ ನೋಡಬೇಕಾದ್ದು ಹೆಚ್ಚೇನಲ್ಲ, ಒಂದು ಬಾರ್‌ನ ಆಸುಪಾಸಿನ ಮುಳ್ಳು ಏರಿನಲ್ಲೂ ಅಲ್ಲೇ ನಿಲ್ಲುತ್ತದೆಯೇ ಎಂಬುದು.

ಎರಡನೆಯ ಪಾಠ ಸಿಪಿ4 ಪಂಪಿನದು. ಬಾಷ್‌ನ ಹಿಂದಿನ ಸಿಪಿ3ರಲ್ಲಿ ಮೂರು ಪಿಸ್ಟನ್ನುಗಳಿದ್ದವು. ಹಗುರವಾದ ಸಿಪಿ4ರಲ್ಲಿ ಕ್ಯಾಮಿನ ಮೇಲೆ ಉರುಳುವ ಪುಟ್ಟ ರೋಲರುಗಳು ಬಂದವು. ಜಾರಿಕೆ ಸಾಲದಾದಾಗ ರೋಲರ್ ಹೊತ್ತ ಟ್ಯಾಪೆಟ್ ಅಡ್ಡ ತಿರುಗಿಬಿಟ್ಟರೆ ರೋಲರ್ ಉರುಳುವುದನ್ನು ಬಿಟ್ಟು ಕ್ಯಾಮನ್ನು ಉಜ್ಜತೊಡಗುತ್ತದೆ. ಹುಟ್ಟುವ ಲೋಹದ ಚೂರು ರೈಲು, ಇಂಜೆಕ್ಟರು, ರಿಟರ್ನ್ ಪೈಪು, ಟ್ಯಾಂಕಿನವರೆಗೆ ಹರಡುತ್ತದೆ. ಆಗ ಬದಲಿಸಬೇಕಾದ್ದು ಪಂಪಲ್ಲ, ಇಡೀ ವ್ಯವಸ್ಥೆ. ಯುರೋಪಿನ 460 ಮೈಕ್ರಾನ್ ಡೀಸೆಲ್ಲಿಗೆ ಮಾಡಿದ ಪಂಪನ್ನು 520 ಮೈಕ್ರಾನ್ ದೇಶಕ್ಕೆ ತಂದದ್ದೇ ತಪ್ಪು ಎಂಬ ವಾದ ಅಮೆರಿಕದ ನ್ಯಾಯಾಲಯಗಳವರೆಗೂ ಹೋಯಿತು. 2019 ಮತ್ತು 2020ರ ಮಾದರಿಯ 2 ಲಕ್ಷಕ್ಕೂ ಹೆಚ್ಚು ರಾಮ್ ಪಿಕಪ್‌ಗಳನ್ನು ಈ ಪಂಪು ಕೆಡುತ್ತಿದ್ದ ಕಾರಣಕ್ಕೆ 2021ರಲ್ಲಿ ವಾಪಸು ಕರೆಯಬೇಕಾಯಿತು; ಕಂಪನಿ ಹಳೆಯ ಸಿಪಿ3ಕ್ಕೇ ಮರಳಿತು. ಹೊಸದೆಲ್ಲ ಹೆಚ್ಚು ಬಾಳಿಕೆಯದು ಎಂದು ನಂಬುವವರು ಈ ಒಂದು ಉದಾಹರಣೆಯನ್ನು ನೆನಪಿಟ್ಟುಕೊಳ್ಳಬಹುದು.

ನಮ್ಮ ಕಡೆಯ ಶತ್ರು ಬೇರೆ, ಅದು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಾಗ ಕಲ್ಯಾಣ್, ಡೊಂಬಿವಲಿ, ಬದ್ಲಾಪುರದ ಕಡೆಯೂ ಮುಳುಗಿತ್ತು. 2019ರ ಜುಲೈ 27ರಂದು ಉಲ್ಹಾಸ ನದಿಯ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ಬದ್ಲಾಪುರ-ವಾಂಗಣಿ ನಡುವೆ ಸಿಕ್ಕಿಕೊಂಡಿತು. ಟ್ಯಾಂಕಿಗೆ ಗಾಳಿಯಾಡಲೆಂದು ಬಿಟ್ಟ ಕೊಳವೆಯ ಮೂಲಕ ನೀರು ಹೊಗಲು ಇಂಥ ಮಹಾಪೂರವೇ ಬೇಕಿಲ್ಲ, ಸೊಂಟದೆತ್ತರದ ನೀರಿನಲ್ಲಿ ಒಂದು ರಾತ್ರಿ ಗಾಡಿ ನಿಂತರೆ ಸಾಕು. ಪೂರವಿಲ್ಲದೆಯೂ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಇಬ್ಬನಿಯಾಗಿ ಇಳಿಯುತ್ತದೆ. ನೀರಿಗೆ ಜಾರಿಸುವ ಗುಣವಿಲ್ಲ. ಮೂರು ಮೈಕ್ರಾನಿನ ಸಂದಿನಲ್ಲಿ ನೀರು ಬಂದರೆ ಲೋಹ ಲೋಹಕ್ಕೆ ತಾಗುತ್ತದೆ. ನಿಂತ ನೀರು ತುಕ್ಕು ಹಿಡಿಸುತ್ತದೆ. ಬಿಸಿ ಇಂಜೆಕ್ಟರಿನ ತುದಿಯಲ್ಲಿ ಅದು ಹಠಾತ್ತನೆ ಆವಿಯಾದರೆ ತುದಿಯನ್ನೇ ಹಾಳು ಮಾಡುತ್ತದೆ.

ಆದರೆ ನೀರಿಗೊಂದು ದೌರ್ಬಲ್ಯವಿದೆ, ಅದು ಡೀಸೆಲ್ಲಿಗಿಂತ ಭಾರ. ಎಷ್ಟು ಬೇಗ ತಳ ಸೇರುತ್ತದೆ ಎಂಬುದು ಹನಿಯ ವ್ಯಾಸದ ವರ್ಗವನ್ನು ಅವಲಂಬಿಸಿದೆ. ಸ್ಟೋಕ್ಸ್ ಸೂತ್ರದಲ್ಲಿ ಅಂಕಿಗಳನ್ನು ಹಾಕಿದರೆ, 100 ಮೈಕ್ರಾನಿನ ಹನಿ 30 ಸೆಂಟಿಮೀಟರ್ ಆಳಕ್ಕೆ ಇಳಿಯಲು ಸುಮಾರು 17 ನಿಮಿಷ ಸಾಕು; 10 ಮೈಕ್ರಾನಿನ ಹನಿಗೆ ನೂರು ಪಟ್ಟು, ಅಂದರೆ ಒಂದು ದಿನಕ್ಕೂ ಹೆಚ್ಚು. ಹಾಗಾಗಿ ಫಿಲ್ಟರಿನ ತಳದ ಸ್ಕ್ರೂ ತೆರೆದು ನೀರು ಬಿಡಲು ಸರಿಯಾದ ಹೊತ್ತು ಸಂಜೆ ಬಂದು ನಿಲ್ಲಿಸಿದ ಕೂಡಲೇ ಅಲ್ಲ, ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುಂಚೆ. ಬಂಕಿನಲ್ಲಿ ಟ್ಯಾಂಕರ್ ಡೀಸೆಲ್ ಇಳಿಸುತ್ತಿರುವುದು ಕಂಡರೆ ಮುಂದಿನ ಬಂಕಿಗೆ ಹೋಗುವುದೂ ಇದೇ ಸೂತ್ರದ ಫಲ, ನೆಲದಡಿಯ ತೊಟ್ಟಿಯ ತಳ ಆಗಷ್ಟೇ ಕದಡಿರುತ್ತದೆ.

ನೀರಿನ ಜೊತೆಗಿನ ಇನ್ನೊಂದು ಶತ್ರು ಕಲಬೆರಕೆ. ಅದರ ಮಾತು ಬಂದರೆ ಕನ್ನಡಿಗರಿಗೆ ಒಂದು ಹೆಸರು ನೆನಪಾಗಲೇಬೇಕು. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂಡಿಯನ್ ಆಯಿಲ್ ಸೇರಿದ್ದ ಎಸ್. ಮಂಜುನಾಥ್ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆಯಲ್ಲಿ ಕೊಲೆಯಾದರು. ಮಹಾರಾಷ್ಟ್ರದಲ್ಲಿ ಮನ್ಮಾಡ್ ಬಳಿ ತೈಲ ಕಳ್ಳರು 2011ರ ಜನವರಿ 25ರಂದು ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ಜೀವಂತ ಸುಟ್ಟರು. ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದ ಈ ದಂಧೆ ಸಬ್ಸಿಡಿ ಕರಗಿದ ಮೇಲೆ ತಗ್ಗಿದೆ. ಸೀಮೆಎಣ್ಣೆ ಬೆರೆತ ಡೀಸೆಲ್ಲಿನಲ್ಲಿ ಗಾಡಿ ಓಡುತ್ತದೆ, ಹಳೆಯ ಪಂಪು ಸಹಿಸಿಕೊಳ್ಳುತ್ತಿತ್ತು. ಇಂದಿನ ಪಂಪಿಗೆ ಅದು ನಿಧಾನ ವಿಷ. ರಸ್ತೆ ಬದಿಯ ಡ್ರಮ್ಮಿನಲ್ಲಿ ಅಗ್ಗಕ್ಕೆ ಸಿಗುವ ಡೀಸೆಲ್‌ನಿಂದ ಉಳಿಯುವ ದುಡ್ಡಿನ ಲೆಕ್ಕದಲ್ಲಿ ಪಂಪನ್ನೂ ಸೇರಿಸಿಕೊಳ್ಳಬೇಕು.

ಬಾಳಿಕೆ ಎಂಬುದು ಅದೃಷ್ಟವಲ್ಲ, ಅದಕ್ಕೊಂದು ಗಣಿತವಿದೆ. ಮೈಕೋ ಸ್ಥಾಪನೆಯಾದ 1951ರಲ್ಲೇ ಸ್ವೀಡನ್ನಿನ ವಾಲೊಡಿ ವೈಬುಲ್ ವಸ್ತುಗಳು ಯಾವ ವಯಸ್ಸಿನಲ್ಲಿ ಕೆಡುತ್ತವೆ ಎಂಬುದನ್ನು ವಿವರಿಸುವ ಸೂತ್ರದ ಪ್ರಸಿದ್ಧ ಪ್ರಬಂಧ ಪ್ರಕಟಿಸಿದ. ಎಂಜಿನಿಯರುಗಳು ‘ಬಿ10 ಆಯುಷ್ಯ’ ಎನ್ನುತ್ತಾರೆ: ನೂರು ಪಂಪುಗಳಲ್ಲಿ ಹತ್ತು ಕೆಡುವ ಹೊತ್ತಿಗೆ ಕಳೆದ ಕಾಲ ಅಥವಾ ದೂರ. ಇನ್ನೂ ಸರಳವಾದ ಲೆಕ್ಕವೊಂದಿದೆ. ಟ್ಯಾಂಕಿನಿಂದ ಇಂಜೆಕ್ಟರಿನವರೆಗೆ ಒಂದರ ಹಿಂದೊಂದು ಹತ್ತು ಭಾಗಗಳಿದ್ದು, ಪ್ರತಿಯೊಂದೂ ವರ್ಷವಿಡೀ ಕೆಡದೆ ಉಳಿಯುವ ಸಾಧ್ಯತೆ ನೂರಕ್ಕೆ 99 ಇದ್ದರೆ, ಇಡೀ ಸಾಲು ಉಳಿಯುವ ಸಾಧ್ಯತೆ 0.99ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 90. ಈ ಗುಣಾಕಾರದಲ್ಲಿ ಒಂದು ರಬ್ಬರ್ ಪೈಪಿಗೂ ದುಬಾರಿ ಪಂಪಿಗೂ ಸಮಾನ ಓಟು.

ಹಾಗಿದ್ದರೆ ಕಾಯುವುದು ಹೇಗೆ? ರೈಲಿನ ಸೆನ್ಸರಿನೊಳಗೆ ಉಕ್ಕಿನ ತೆಳು ಪೊರೆಯೊಂದಿದೆ. ಒತ್ತಡಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಮೇಲಿನ ಪ್ರತಿರೋಧಕಗಳು ಹಿಗ್ಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನವರೆಗಿನ ಸಂಕೇತ ಕೊಡುತ್ತವೆ. ಸ್ಟಿಯರಿಂಗಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ ಒಂದು ಅಗ್ಗದ ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಈ ಅಂಕಿ ಮೊಬೈಲಿನಲ್ಲಿ ಕಾಣಿಸುತ್ತದೆ. ಕಂಪ್ಯೂಟರು ಬಯಸಿದ ಒತ್ತಡ ಒಂದು, ನಿಜವಾಗಿ ಬಂದದ್ದು ಇನ್ನೊಂದು. ಏರಿನಲ್ಲಿ ಇವೆರಡರ ನಡುವೆ ಬಾಯ್ದೆರೆದುಕೊಳ್ಳುವ ಅಂತರವೇ ಮೊದಲ ಸುಳಿವು. ಎರಡನೆಯದಕ್ಕೆ ಇಲೆಕ್ಟ್ರಾನಿಕ್ಸ್ ಬೇಡ: ಫಿಲ್ಟರಿನ ನಂತರ ಒಂದು ಗೇಜು, ಎಳೆದುಕೊಳ್ಳುವ ವ್ಯವಸ್ಥೆಯಾದರೆ ನಿರ್ವಾತದ ಗೇಜು. ಜೊತೆಗೆ ಒಂದು ಗೇಣು ಪಾರದರ್ಶಕ ಪೈಪು ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಮೂರನೆಯದು ಬಾಟಲಿ ಪರೀಕ್ಷೆ. ನಾಲ್ಕು ಇಂಜೆಕ್ಟರುಗಳ ರಿಟರ್ನ್ ಪೈಪು ಕಳಚಿ ನಾಲ್ಕು ಪುಟ್ಟ ಬಾಟಲಿಗಳಿಗೆ ಬಿಟ್ಟು ಎಂಜಿನ್ ಓಡಿಸಿದರೆ, ಯಾವ ಬಾಟಲಿ ಮೊದಲು ತುಂಬುತ್ತದೋ ಆ ಇಂಜೆಕ್ಟರು ಸೋರುತ್ತಿದೆ. ಸೋರುವ ಇಂಜೆಕ್ಟರಿನಿಂದಲೂ ರೈಲಿನ ಒತ್ತಡ ಬೀಳುತ್ತದೆ, ಕೋಡ್ ಅದೇ ಪಿ0087 ಬರುತ್ತದೆ, ಬೈಗುಳ ಪಂಪಿಗೆ ಬೀಳುತ್ತದೆ.

ಒಂದು ಎಚ್ಚರಿಕೆ. ಮೈಕೋ ಕಾಲದಲ್ಲಿ ಏರ್ ತೆಗೆಯಲು ಎಂಜಿನ್ ತಿರುಗಿಸುತ್ತ ನಾಝಲ್ ಪೈಪಿನ ನಟ್ಟು ಸಡಿಲಿಸುತ್ತಿದ್ದರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಮಾಡಲೇಬಾರದು. ಸೋರಿಕೆ ಹುಡುಕಲು ಬೆರಳನ್ನೂ ಇಡಬಾರದು. ನೂರಾರು ಬಾರ್‌ನ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಕಡಿಮೆ. ಒಳಗೆ ಅಂಗಾಂಶ ಸಾಯುತ್ತಿರುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆ ಸಿಗದಿದ್ದರೆ ಬೆರಳನ್ನೇ ಕತ್ತರಿಸಬೇಕಾಗಿ ಬರುತ್ತದೆ. ರಾತ್ರಿ ಕಳೆಯಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಒಂದು ಕಡಿಮೆ ಒತ್ತಡದ ಸೆನ್ಸರನ್ನು ಕಾರ್ಖಾನೆಯಲ್ಲೇ ಎಲ್ಲ ಪಿಕಪ್‌ಗಳಿಗೂ ಕೂರಿಸಿ, ಮುಳ್ಳನ್ನು ಡ್ರೈವರಿಗೆ ಕಾಣಿಸುವುದು ಗಾಡಿ ಕಂಪನಿಗಳಿಗೆ ಕಷ್ಟದ ಮಾತಲ್ಲ. ಎಂಜಿನ್ ಬಿಸಿಗೆ ಮುಳ್ಳಿದೆ, ಆಯಿಲಿಗೆ ದೀಪವಿದೆ, ಪಂಪಿನ ಹಸಿವಿಗೆ ಏನೂ ಇಲ್ಲ; ಇದು ಉಳಿತಾಯದ ತಪ್ಪು ಜಾಗ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಇಷ್ಟು ನೆನಪಿಡಿ: ಫಿಲ್ಟರಿನ ಬೆಲೆ ನೂರುಗಳಲ್ಲಿ, ಪಂಪು ಮತ್ತು ಇಂಜೆಕ್ಟರುಗಳ ಬೆಲೆ ಹತ್ತಾರು ಸಾವಿರಗಳಲ್ಲಿ. ಮುಂದಿನ ಸಲ ಯಾರಾದರೂ ಪಿ0087 ತೋರಿಸಿ ಪಂಪು ಬದಲಿಸಬೇಕು ಎಂದರೆ, ಒಪ್ಪುವ ಮೊದಲು ಎರಡು ವಿಷಯ ಕೇಳಿ: ಏರಿನಲ್ಲಿ ಪಂಪಿನ ಬಾಗಿಲಲ್ಲಿ ಎಷ್ಟು ಒತ್ತಡವಿತ್ತು, ನಾಲ್ಕು ಬಾಟಲಿಗಳಲ್ಲಿ ಎಷ್ಟೆಷ್ಟು ಡೀಸೆಲ್ ಬಂತು. ಉತ್ತರವಿಲ್ಲದಿದ್ದರೆ ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ಯಿರಿ.